ಹಿನ್ನೆಲೆ ಎಷ್ಟು ಕರಗಬೇಕು?

ಫೋಟೊದ ಹಿನ್ನೆಲೆ ಮಸುಕಾಗುವ ಬಗೆಗೆ ಜಪಾನಿಗಳು ‘ಬೊಕೆ’ ಎನ್ನುತ್ತಾರೆ. ಇಂಗ್ಲಿಷ್ ಓದುಗರಿಗೆ ಆ ಮಾತು ಪರಿಚಯವಾದದ್ದು 1997ರಲ್ಲಿ, ಅಮೆರಿಕದ ‘ಫೋಟೊ ಟೆಕ್ನಿಕ್ಸ್’ ಎಂಬ ಪತ್ರಿಕೆಯಿಂದ. ಅದರ ಸಂಪಾದಕ ಮೈಕ್ ಜಾನ್‌ಸ್ಟನ್, ಓದುವವರ ನಾಲಿಗೆ ತಪ್ಪದಿರಲಿ ಎಂದು ಪದದ ಕೊನೆಗೆ ಒಂದು ‘ಎಚ್’ ಸೇರಿಸಿದರು. ಅಂದರೆ ಇವತ್ತು ನಮ್ಮ ಫೋನಿನ ಪೋರ್ಟ್ರೇಟ್ ಬಟನ್ನಿನವರೆಗೂ ಇಳಿದು ಬಂದಿರುವ ಈ ಗೀಳಿಗೆ ಹೆಸರು ಸಿಕ್ಕಿ ಒಂದು ತಲೆಮಾರು ಕಳೆದಿದೆ, ಅಷ್ಟೇ. ಮಸುಕು ಮಾತ್ರ ಹಳೆಯದು. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಮಾಡಿಸಿದ ಲೆನ್ಸಿನಲ್ಲೇ ನಡುವಿನ ಮುಖ ಚೂಪಾಗಿ, ಸುತ್ತಲಿನದ್ದೆಲ್ಲ ಸುಳಿಯಂತೆ ತಿರುಗುತ್ತಿತ್ತು. ಆಗ ಅದನ್ನು ದೋಷ ಎನ್ನುತ್ತಿದ್ದರು. ಈಗ ಅದೇ ದೋಷಕ್ಕೆ ಹೆಚ್ಚು ದುಡ್ಡು ಕೊಡುತ್ತೇವೆ.

ನಾನು ಕೆಲಸದ ನಿಮಿತ್ತ ಮೊದಲು ಸೂರತ್, ಈಗ ವಡೋದರಾ ಸೇರಿದವನು. ಭಾನುವಾರ ಬಿಡುವಿದ್ದರೆ ಬೆಳಗಿನ ರೈಲು ಹಿಡಿದು ಅಹಮದಾಬಾದಿಗೆ ಹೋಗುತ್ತೇನೆ. ಅಲ್ಲಿ ಸಾಬರಮತಿ ದಂಡೆಯಲ್ಲಿ, ಎಲ್ಲಿಸ್ ಸೇತುವೆಯ ಹತ್ತಿರ, ರವಿವಾರಿ ಸಂತೆ ಕೂಡುತ್ತದೆ. ಅದಕ್ಕೆ ಗುಜರಿ ಬಜಾರ್ ಎಂಬ ಹೆಸರೂ ಇದೆ. ನಮ್ಮ ಊರಿನ ‘ಗುಜರಿ ಅಂಗಡಿ’ ಅಲ್ಲಿ ಕಿವಿಗೆ ಬಿದ್ದಾಗ ತವರಿನವರು ಸಿಕ್ಕಷ್ಟು ಖುಷಿಯಾಗುತ್ತದೆ. ಸಂತೆ ಸುಲ್ತಾನ್ ಅಹಮದ್ ಷಾ ಕಾಲದ್ದು ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ರಿವರ್‌ಫ್ರಂಟ್ ಬಂದ ಮೇಲೆ ಅದಕ್ಕೆ ಕಟ್ಟೆ, ಸಾಲು, ಶಿಸ್ತು ಎಲ್ಲ ಬಂದಿವೆ. ಆದರೂ ಹಳೆ ಬೀಗ, ಮಂಚದ ಕಾಲು, ಮಿಕ್ಸಿಯ ಮೋಟಾರುಗಳ ನಡುವೆ ಒಂದು ಕ್ಯಾಮೆರಾ ಮೂತಿ ಮೇಲೆ ಮಾಡಿಕೊಂಡು ಕೂತಿರುವುದು ನಿಂತಿಲ್ಲ.

ಅಲ್ಲಿ ಏನು ಸಿಗುತ್ತದೆ ಎಂಬುದರಲ್ಲೇ ಒಂದು ಚರಿತ್ರೆ ಇದೆ. ಆಮದಿಗೆ ಕಟ್ಟುನಿಟ್ಟಿದ್ದ ದಶಕಗಳಲ್ಲಿ ನಮ್ಮ ದೇಶಕ್ಕೆ ಸಲೀಸಾಗಿ ಬರುತ್ತಿದ್ದದ್ದು ರೂಪಾಯಿ ವ್ಯಾಪಾರದ ದೇಶಗಳ ಸಾಮಾನು. ಆದ್ದರಿಂದ ರಷ್ಯಾದ ಜೆನಿಟ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಅವುಗಳ ಸ್ಕ್ರೂ ತಿರುವಿನ ಲೆನ್ಸುಗಳು. ಜಪಾನಿನದ್ದು ಕಂಡರೆ ಅದು ಹೆಚ್ಚಾಗಿ ಯಾರದೋ ಆಫ್ರಿಕಾದ ಕಾಕಾ, ಲಂಡನ್ನಿನ ಮಾವ ಸೂಟ್‌ಕೇಸಿನಲ್ಲಿ ತಂದದ್ದು. ಗುಜರಾತಿನಲ್ಲಿ ಅಂಥ ಕಾಕಾ ಇಲ್ಲದ ಮನೆ ಕಡಿಮೆ.

ಈಗ ವೈಡ್ ಆಂಗಲ್ ವಿಷಯ. ಮಸುಕಿಗೆ ಹೆಸರಾದ ಹಳೆ ಲೆನ್ಸ್ ಎಂದರೆ ಎಲ್ಲರೂ ಹೇಳುವುದು ರಷ್ಯಾದ ಹೀಲಿಯೋಸ್-44, ಅಂದರೆ ಜರ್ಮನಿಯ ಬಯೋಟಾರಿನ ಮಗಳು. ಅದು 58 ಮಿ.ಮೀ.; ವೈಡ್ ಅಲ್ಲ. ವೈಡ್ ಲೆನ್ಸಿನಲ್ಲಿ ಹಿನ್ನೆಲೆ ಕರಗಿಸುವುದು ಕಷ್ಟದ ಕೆಲಸ, ಮತ್ತು ಯಾಕೆ ಕಷ್ಟ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಫೋಕಲ್ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬಂದದ್ದು ಲೆನ್ಸಿನ ಕಣ್ಣು ತೆರೆದಾಗಿನ ಅಗಲ. 58 ಮಿ.ಮೀ. ಎಫ್ 2 ಆದರೆ 29 ಮಿ.ಮೀ. 35 ಮಿ.ಮೀ. ಎಫ್ 2.8 ಆದರೆ ಹನ್ನೆರಡೂವರೆ, ಒಂದು ಹುಣಸೆಬೀಜದಷ್ಟು. 24 ಮಿ.ಮೀ. ಎಫ್ 2.8 ಆದರೆ ಒಂಬತ್ತಕ್ಕೂ ಕಡಿಮೆ. ಬಲು ದೂರದ ಒಂದು ದೀಪ ಚಿತ್ರದಲ್ಲಿ ಎಷ್ಟು ದೊಡ್ಡ ಬಿಲ್ಲೆಯಾಗುತ್ತದೆ ಎಂಬುದನ್ನು, ನೀವು ಫೋಕಸ್ ಮಾಡಿದ ಜಾಗದಲ್ಲಿ ಅಡ್ಡಪಟ್ಟಿ ಇಟ್ಟು ಅಳೆದಂತೆ ನೋಡಿದರೆ, ಅದು ಸರಿಯಾಗಿ ಈ ಕಣ್ಣಿನ ಅಗಲದಷ್ಟೇ ಇರುತ್ತದೆ. ಒಂದು ಮೀಟರ್ ದೂರದ ಮುಖಕ್ಕೆ 35 ಮಿ.ಮೀ. ಹಿಡಿದರೆ ಚೌಕಟ್ಟಿನ ಅಗಲವೂ ಸುಮಾರು ಒಂದು ಮೀಟರ್; ಅದರಲ್ಲಿ ಒಂದು ಹುಣಸೆಬೀಜದ ಮಸುಕು ಏನು ಮಹಾ? ಅದೇ ಲೆನ್ಸನ್ನು ಒಂದು ಚೆಂಡುಹೂವಿನ ಹತ್ತಿರ, ಚೌಕಟ್ಟು ಅಂಗೈ ಅಗಲಕ್ಕೆ ಇಳಿಯುವಷ್ಟು ಹತ್ತಿರ ಒಯ್ದರೆ, ಅದೇ ಹುಣಸೆಬೀಜ ಚಿತ್ರದ ಎಂಟನೇ ಒಂದು ಪಾಲು ತುಂಬುತ್ತದೆ.

ಹಾಗಾಗಿ ಹಳೆ ವೈಡ್ ಕೊಳ್ಳುವವರು ಎಫ್ ಸಂಖ್ಯೆಗಿಂತ ಮೊದಲು ನೋಡಬೇಕಾದದ್ದು, ಅದು ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂಬುದನ್ನು. ಯೇನಾ ಊರಿನ ಕಾರ್ಲ್ ಜೈಸ್ ಕಾರ್ಖಾನೆಯ ಫ್ಲೆಕ್ಟೊಗಾನ್ 35ಕ್ಕೆ ಇಷ್ಟು ಹೆಸರು ಇರುವುದು ಇದರಿಂದಲೇ. ಗೇಣಿಗಿಂತ ಕಡಿಮೆ ದೂರಕ್ಕೆ ಅದು ಫೋಕಸ್ ಕೊಡುತ್ತದೆ.

ಇನ್ನು ಮಸುಕಿನ ಗುಣ. ಇದಕ್ಕೆ 1950ರ ಪ್ಯಾರಿಸ್ಸಿಗೆ ಹೋಗಬೇಕು. ಕನ್ನಡಿ ಇರುವ ಎಸ್ಎಲ್ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಆ ಕನ್ನಡಿ ಮೇಲೇಳಲು ಜಾಗ ಬೇಕು. ಸ್ಕ್ರೂ ತಿರುವಿನ ಕ್ಯಾಮೆರಾದಲ್ಲಿ ಈ ಅಂತರ 45 ಮಿ.ಮೀ. ದಾಟುತ್ತದೆ. 35 ಮಿ.ಮೀ. ಲೆನ್ಸ್ ಮಾಮೂಲಿ ರೀತಿಯಲ್ಲಿ ಕಟ್ಟಿದರೆ ಅದರ ಹಿಂಬದಿಯ ಗಾಜು ಕನ್ನಡಿಗೆ ತಾಗುತ್ತದೆ. ಪಿಯರ್ ಆಂಜನ್ಯೂ ದೂರದರ್ಶಕ ಲೆನ್ಸಿನ ರಚನೆಯನ್ನೇ ತಿರುಗಿಸಿಟ್ಟರು: ಮುಂದೆ ಬೆಳಕನ್ನು ಹರಡುವ ಗಾಜು, ಹಿಂದೆ ಕೂಡಿಸುವ ಗಾಜು. ‘ರೆಟ್ರೊಫೋಕಸ್’ ಎಂದು ಅವರು ತಮ್ಮ 35 ಮಿ.ಮೀ. ಎಫ್ 2.5 ಲೆನ್ಸಿಗೆ ಇಟ್ಟ ಹೆಸರು ಆಮೇಲೆ ಆ ಜಾತಿಗೇ ಹೆಸರಾಯಿತು. ಹಿಂದೆಯೇ ಯೇನಾದ ಫ್ಲೆಕ್ಟೊಗಾನ್, ಅದರ ಜಾಡಿನಲ್ಲಿ ಸೋವಿಯತ್ತಿನ ಮಿರ್-1 ಬಂದವು. ಮಿರ್-1ಕ್ಕೆ 1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಬಹುಮಾನ ಸಿಕ್ಕಿತು. ಆ ಸಂಗತಿಯನ್ನು ಲೆನ್ಸಿನ ಮೂತಿಯ ಸುತ್ತಲೂ ಕೆತ್ತಿಸಿ ಮಾರಿದರು, ನಮ್ಮ ಅಗರಬತ್ತಿ ಪೊಟ್ಟಣದ ಮೇಲೆ ಪದಕಗಳ ಚಿತ್ರ ಇರುವ ಹಾಗೆ.

ಈ ತಿರುಗಿಸಿಟ್ಟ ರಚನೆಯಲ್ಲಿ ಹಿಂದುಮುಂದಿನ ಸಮತೋಲ ಇರುವುದಿಲ್ಲ. ಅಂಚಿನಲ್ಲಿ ಫೋಕಸ್ ಬಾಗುತ್ತದೆ. ಬೆಳಕಿನ ಬಿಲ್ಲೆ ಮೂಲೆಗೆ ಹೋದಂತೆ ಬೆಕ್ಕಿನ ಕಣ್ಣಿನಂತೆ ಚಪ್ಪಟೆಯಾಗುತ್ತದೆ. ಬಿಲ್ಲೆಯ ಸುತ್ತ ಕೆಲವೊಮ್ಮೆ ಸೋಪಿನ ಗುಳ್ಳೆಯಂಥ ಹೊಳೆಯುವ ಅಂಚು ಕೂರುತ್ತದೆ. 1967ರಲ್ಲಿ ನಿಕಾನ್ ತನ್ನ 24 ಮಿ.ಮೀ. ಲೆನ್ಸಿನೊಳಗೆ, ಹತ್ತಿರ ಫೋಕಸ್ ಮಾಡುವಾಗ ತಾವೇ ಬೇರೆಯಾಗಿ ಸರಿಯುವ ಗಾಜುಗಳನ್ನಿಟ್ಟು ಈ ಬಾಗನ್ನು ತಿದ್ದಿತು. ಆ ತಿದ್ದುಪಡಿಗೆ ಮುಂಚಿನವು ನಮಗೆ ಈಗ ‘ಕ್ಯಾರೆಕ್ಟರ್’ ಇರುವ ಲೆನ್ಸುಗಳು. ಒಂದು ಎಚ್ಚರ: ಈ ಕ್ಯಾರೆಕ್ಟರ್ ಇರುವುದೆಲ್ಲ ಅಂಚಿನಲ್ಲಿ. ಚಿಕ್ಕ ಸೆನ್ಸರಿನ ಕ್ಯಾಮೆರಾ ಆ ಅಂಚನ್ನೇ ಕತ್ತರಿಸಿ ಬಿಸಾಕುತ್ತದೆ. ಸುಳಿ ಬೇಕೆಂದು ಹಳೆ ವೈಡ್ ಕೊಂಡು ಅದನ್ನು ಅಂಥ ಕ್ಯಾಮೆರಾಕ್ಕೆ ಹಾಕುವುದು, ಬದನೆಕಾಯಿ ತಂದು ತೊಟ್ಟು ಮಾತ್ರ ಬೇಯಿಸಿದ ಹಾಗೆ.

ಆದರೆ ಈ ಲೇಖನಕ್ಕೆ ಕೂತದ್ದು ಲೆನ್ಸಿನ ಜಾತಕ ಹೇಳಲು ಅಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಲೆ ಓದುತ್ತಿರುವ ಧಾರವಾಡದ ಹುಡುಗನೊಬ್ಬ ಹೋದ ಮಳೆಗಾಲದಲ್ಲಿ ಬಂದು, “ಸರ, ಹಳೇ ವೈಡ್ ಲೆನ್ಸ್ ಯಾವುದು ತಗೊಳ್ಳಲಿ? ಹಿಂದಿಂದೆಲ್ಲಾ ಬೆಣ್ಣಿ ಹಂಗ ಕರಗಬೇಕು ನೋಡ್ರಿ” ಅಂದ. ಏನು ತೆಗೆಯಲಿಕ್ಕೆ ಎಂದೆ. ಛೋಟಾ ಉದೇಪುರದ ಕಡೆ ರಾಠ್ವಾ ಜನರ ಪಿಠೋರಾ ಗೋಡೆಗಳು, ಅದನ್ನು ಬರೆಯುವವರು ಎಂದ. ಅವನ ಉತ್ತರದಲ್ಲೇ ತೊಡಕಿತ್ತು. ಆ ತೊಡಕಿಗೆ ಈ ಊರಿನಲ್ಲಿ ಐವತ್ತು ವರ್ಷ ಮೀರಿದ ಹಿನ್ನೆಲೆ ಇದೆ.

ವಡೋದರಾಕ್ಕೂ ಮಸುಕಿಗೂ ಇರುವ ಮೊದಲ ನಂಟು ಕಲೆಯದ್ದಲ್ಲ, ಕಾರ್ಖಾನೆಯದ್ದು. ಅರವತ್ತು-ಎಪ್ಪತ್ತರ ದಶಕದ ಮಧ್ಯಮ ವರ್ಗದ ಮನೆಗಳಲ್ಲಿ ಇರುತ್ತಿದ್ದ ಆಗ್ಫಾ ಕ್ಲಿಕ್-III ಕ್ಯಾಮೆರಾ ನಿಮಗೆ ನೆನಪಿರಬಹುದು, ಇಲ್ಲದಿದ್ದರೆ ಅಪ್ಪನನ್ನು ಕೇಳಿ. ಆಗ್ಫಾ ಜರ್ಮನಿಯದ್ದು, ಆದರೆ ನಮ್ಮಲ್ಲಿ ಮಾರಾಟವಾದ ಆ ಕ್ಯಾಮೆರಾ ತಯಾರಾದದ್ದು ಇಲ್ಲಿ, ನ್ಯೂ ಇಂಡಿಯಾ ಇಂಡಸ್ಟ್ರೀಸ್ ಎಂಬ ವಡೋದರಾದ ಕಂಪನಿಯಲ್ಲಿ. 120 ರೋಲು, ಹನ್ನೆರಡು ಚೌಕ ಚಿತ್ರ, ಕೈಗೆಟುಕುವ ಬೆಲೆ. ರವಿವಾರಿಯಲ್ಲಿ ಈಗಲೂ ಅದನ್ನು ಕಂಡರೆ ಎತ್ತಿ ನೋಡುತ್ತೇನೆ. ಸಂಗ್ರಹಕಾರರಿಗೆ ಅದು ಹಿತ್ತಲ ಗಿಡ, ಮದ್ದಲ್ಲ. ನನ್ನ ಮಟ್ಟಿಗೆ, ಸ್ಟುಡಿಯೊದ ಪರದೆ ಬಿಟ್ಟು ಮನೆಯಂಗಳದಲ್ಲೇ ಫೋಟೊ ತೆಗೆಸಿಕೊಳ್ಳಲು ನಮ್ಮ ಜನರಿಗೆ ಕಲಿಸಿದ್ದರಲ್ಲಿ ಈ ಊರಿನ ಆ ಡಬ್ಬಿಗೆ ದೊಡ್ಡ ಪಾಲಿದೆ.

ಆ ಕಾಲದ ಅಗ್ಗದ ಡಬ್ಬಿ ಕ್ಯಾಮೆರಾಗಳ ಕಣ್ಣು, ಯಾರೇ ಮಾಡಿದ್ದಿರಲಿ, ಬಹುಮಟ್ಟಿಗೆ ಒಂದೇ ಬಾಗಿದ ಗಾಜು. ಒಂಟಿ ಗಾಜು ನಡುವಿನದನ್ನು ಹಿಡಿಯುತ್ತದೆ, ಅಂಚಿನದನ್ನು ಬಿಡುತ್ತದೆ. ಅದು ಬೆಳಕಿನ ನಿಯಮ. ನಮ್ಮ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. ಚಿಕ್ಕಪ್ಪ ಯಾರಿಂದಲೋ ಎರವಲು ತಂದ ಒಂದು ಡಬ್ಬಿಯಲ್ಲಿ ಅತ್ತೆಯ ಮದುವೆಯ ಫೋಟೊ ತೆಗೆದರು. ಹನ್ನೊಂದು ಜನ ಸಾಲಾಗಿ ನಿಂತಿದ್ದಾರೆ. ನಡುವೆ ಮದುಮಕ್ಕಳು, ಅವರ ಹಿಂದೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ, ಅಕ್ಕಿಹಿಟ್ಟಿನ ಒಂದೊಂದು ಗೆರೆಯೂ ಎಣಿಸುವ ಹಾಗೆ ಬಂದಿದೆ. ಪುಂಡಿನಾರಿನ ಕುಂಚದಲ್ಲಿ ಆ ಹಸೆ ಬರೆದ ನಮ್ಮಜ್ಜಿ ಎಡಗಡೆಯ ಕೊನೆಯಲ್ಲಿ ನಿಂತಿದ್ದಾರೆ. ಅವರ ಮುಖ ಹೊರಕ್ಕೆ ಎಳೆದ ಹಾಗೆ ಬಳಿದುಹೋಗಿದೆ. ಅಜ್ಜಿಯದ್ದು ಅಂತ ನಮ್ಮಲ್ಲಿರುವುದು ಅದೊಂದೇ ಫೋಟೊ. “ಅಜ್ಜಿನೇ ಕಣೋ, ನಿಲ್ಲೋ ಭಂಗಿ ನೋಡಿದ್ರೆ ಗೊತ್ತಾಗಲ್ವಾ” ಎಂದು ಅಮ್ಮ ಹೇಳುತ್ತಾರೆ. ನನಗೆ ಗೊತ್ತಾಗುವುದಿಲ್ಲ, ನಾನು ಹುಟ್ಟುವ ಮುಂಚೆಯೇ ಅವರು ಹೋಗಿದ್ದರು. ಸಂತೆಯಲ್ಲಿ ‘ಅಂಚಿನಲ್ಲಿ ಚೆಂದ ಸುಳಿ ಬರುತ್ತದೆ ಸಾಹೇಬ್’ ಎಂದು ಯಾರಾದರೂ ಲೆನ್ಸ್ ಹೊಗಳಿದಾಗಲೆಲ್ಲ, ಆ ಸುಳಿಯಲ್ಲಿ ಯಾರು ನಿಂತಿರುತ್ತಾರೆ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇನೆ.

ಗುಜರಾತಿನ ದೊಡ್ಡ ಛಾಯಾಗ್ರಾಹಕರನ್ನು ನೋಡುತ್ತ ಹೋದರೆ ಒಂದು ಸಂಗತಿ ಕಾಣುತ್ತದೆ. ಇವರಿಗೆ ಹಿನ್ನೆಲೆ ಕರಗಿಸುವ ಆಸೆಯೇ ಇದ್ದಂತಿಲ್ಲ. ಅಹಮದಾಬಾದಿನ ಪ್ರಾಣಲಾಲ್ ಪಟೇಲ್ 1937ರಲ್ಲಿ ಜ್ಯೋತಿ ಸಂಘಕ್ಕಾಗಿ ಊರಿನ ದುಡಿಯುವ ಹೆಂಗಸರ ಚಿತ್ರ ತೆಗೆದರು. ಮೃದುಲಾ ಸಾರಾಭಾಯಿ ಕಟ್ಟಿದ ಮಹಿಳಾ ಸಂಸ್ಥೆ ಅದು. ಹೆಂಗಸು ಎಲ್ಲಿ ಕೂತು ದುಡಿಯುತ್ತಾಳೆ ಎಂಬುದೇ ಅಲ್ಲಿ ವಿಷಯ. ಬೀದಿಯನ್ನು ತೆಗೆದರೆ ಚಿತ್ರದಲ್ಲಿ ಉಳಿಯುವುದೇನು? ಪಟೇಲರು ನೂರು ದಾಟಿ ಬದುಕಿ 2014ರಲ್ಲಿ ತೀರಿಕೊಂಡರು. 1966ರಲ್ಲಿ ಕಾರ್ಟಿಯೆ-ಬ್ರೆಸೋ ಅಹಮದಾಬಾದಿಗೆ ಬಂದು ತೆಗೆದ, ಒಣಹಾಕುತ್ತಿರುವ ಸೀರೆಗಳ ಚಿತ್ರದಲ್ಲೂ ನೆಲದ ಮೇಲಿನ ಬಟ್ಟೆಯ ಪಟ್ಟಿಗಳೇ ಅರ್ಧ ಚಿತ್ರ.

ಹೊಮಾಯ್ ವ್ಯಾರಾವಾಲಾ ಹುಟ್ಟಿದ್ದು 1913ರಲ್ಲಿ, ಸೂರತ್ತಿನಿಂದ ಅಷ್ಟೇನೂ ದೂರವಲ್ಲದ ನವಸಾರಿಯಲ್ಲಿ. ದೆಹಲಿಯಲ್ಲಿ ನೆಹರೂ, ಮೌಂಟ್‌ಬ್ಯಾಟನ್‌ರ ಕಾಲವನ್ನೆಲ್ಲ ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸುಗಳಲ್ಲಿ ಹಿಡಿದು, 1970ರಲ್ಲಿ ಕ್ಯಾಮೆರಾ ಕೆಳಗಿಟ್ಟು, ಮುಂದೆ ವಡೋದರಾದಲ್ಲಿ ನೆಲೆಸಿ, ಮಗನೂ ತೀರಿಕೊಂಡ ಮೇಲೆ ಒಬ್ಬರೇ ಬದುಕಿದರು. 2011ರಲ್ಲಿ ಪದ್ಮವಿಭೂಷಣ, 2012ರ ಜನವರಿಯಲ್ಲಿ ಸಾವು. ಪತ್ರಿಕೆಯ ಫೋಟೊಗ್ರಾಫರಿಗೆ ಹಿಂದೆ ನಿಂತವನು ಯಾರೆಂಬುದು ನಾಳೆ ಬೇಕಾಗಬಹುದು. ಆದ್ದರಿಂದ ಕಣ್ಣು ಕಿರಿದು ಮಾಡಿ, ಫ್ಲಾಶ್ ಹೊಡೆದು, ಸಿಕ್ಕಷ್ಟನ್ನೂ ಚೂಪಾಗಿ ಹಿಡಿಯುವುದು ಆ ಕಸುಬಿನ ವಾಡಿಕೆ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡುವವರು ಜ್ಯೋತಿ ಭಟ್. 1934ರಲ್ಲಿ ಭಾವನಗರದಲ್ಲಿ ಹುಟ್ಟಿ, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದ ಮೊದಮೊದಲ ತಂಡಗಳಲ್ಲಿ ಬೇಂದ್ರೆಯವರ ಕೈಯಲ್ಲಿ ಕಲಿತವರು. (ಇವರು ಎನ್. ಎಸ್. ಬೇಂದ್ರೆ, ಇಂದೋರಿನ ಚಿತ್ರಕಾರ. ನಮ್ಮ ವರಕವಿಯಲ್ಲ, ಹೆಸರು ಕೇಳಿ ಧಾರವಾಡದ ಹುಡುಗ ಒಂದು ಕ್ಷಣ ಹಿಗ್ಗಿದ್ದ.) ನೇಪಲ್ಸ್‌ನಲ್ಲಿ, ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿ ಮುದ್ರಣಕಲೆ ಓದಿ 1966ರಲ್ಲಿ ಹಿಂದಿರುಗಿದರು. ಆ ದಶಕದ ಕೊನೆಗೆ ಒಂದು ವಿಚಾರಸಂಕಿರಣಕ್ಕಾಗಿ ಗುಜರಾತಿನ ಜಾನಪದ ಕಲೆಯ ಫೋಟೊ ತೆಗೆದುಕೊಡಿ ಎಂದು ಯಾರೋ ಕೇಳಿದರು. ಆ ಸಣ್ಣ ಕೆಲಸ ಅವರ ಮುಂದಿನ ಹಲವು ದಶಕಗಳನ್ನು ನುಂಗಿಹಾಕಿತು. ಗೆಳೆಯ ರಾಘವ್ ಕನೇರಿಯಾ ಜೊತೆ, ಕೆಲವೊಮ್ಮೆ ಒಬ್ಬರೇ, ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಬಿಹಾರಗಳ ಹಳ್ಳಿಗಳನ್ನು ಸುತ್ತಿದರು. ಗೋಡೆಚಿತ್ರ, ಅಂಗಳದ ರಂಗೋಲಿ, ತೋಳಿನ ಹಚ್ಚೆ. ಮಳೆ ಬಂದರೆ, ಮನೆ ಸಿಮೆಂಟಿನದಾದರೆ, ಹಚ್ಚೆಯವಳು ತೀರಿಕೊಂಡರೆ ಅಳಿಸಿಹೋಗುವ ಕಲೆಗಳು ಇವು.

ಅವರ ಕಪ್ಪುಬಿಳುಪು ಚಿತ್ರಗಳಲ್ಲಿ ಗೋಡೆ ಎಂದೂ ಹಿನ್ನೆಲೆಯಲ್ಲ. ಹೆಂಗಸು, ಮಗು, ಎಮ್ಮೆ, ಗೋಡೆಯ ಮೇಲಿನ ನವಿಲು, ಎಲ್ಲಕ್ಕೂ ಒಂದೇ ಮರ್ಯಾದೆ. ಗೋಡೆಯನ್ನು ಮಾತ್ರ ತೆಗೆದಿದ್ದರೆ ಅದು ಮ್ಯೂಸಿಯಮ್ಮಿನ ದಾಖಲೆಯಾಗುತ್ತಿತ್ತು. ಮುಖವನ್ನು ಮಾತ್ರ ತೆಗೆದಿದ್ದರೆ ಕ್ಯಾಲೆಂಡರ್ ಆಗುತ್ತಿತ್ತು. ಬರೆದವಳೂ ಬರೆದದ್ದೂ ಒಟ್ಟಿಗೆ ಇರುವುದೇ ಅವುಗಳ ಜೀವ. ನಮ್ಮಜ್ಜಿಯ ಫೋಟೊದಲ್ಲಿ ಆಗದೆ ಹೋದದ್ದು ಇದೇ. ಈ ಸಂಗ್ರಹದ ದೊಡ್ಡ ಭಾಗ ಈಗ ಎಲ್ಲಿದೆ ಗೊತ್ತೇ? ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಮ್ಯಾಪ್ ಎಂದು ಕರೆಯುವ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದಲ್ಲಿ. 2023ರ ಫೆಬ್ರವರಿಯಲ್ಲಿ ಅದು ಬಾಗಿಲು ತೆರೆದಾಗಿನ ಪ್ರದರ್ಶನಗಳಲ್ಲಿ ಜ್ಯೋತಿ ಭಟ್ಟರದ್ದೂ ಒಂದು. ನಾನು ಇಲ್ಲಿಂದ ರಜೆಗೆ ಊರಿಗೆ ಹೋಗಿ, ಈ ಊರಿನ ಹಳ್ಳಿಗಳನ್ನು ಅಲ್ಲಿ ನೋಡಿದೆ.

ಪಿಠೋರಾದ ವಿಷಯಕ್ಕೆ ಬಂದರೆ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದು ಮನೆಯ ಅಲಂಕಾರವಲ್ಲ, ಹರಕೆ. ಮನೆಯ ಕಷ್ಟ ಕಳೆಯಲೆಂದು ಬಾಬಾ ಪಿಠೋರಾನಿಗೆ ಹರಕೆ ಹೊತ್ತವರು ಗೋಡೆಗೆ ಬಿಳಿಮಣ್ಣು ಸಾರಿಸಿ, ‘ಲಖಾರಾ’ ಎಂದು ಕರೆಯುವ ಬರೆಯುವವರನ್ನು ಕರೆಸುತ್ತಾರೆ. ಬಣ್ಣಕ್ಕೆ ಹಾಲು, ಮಹುವಾ ಹೂವಿನ ಸೆರೆ ಬೆರೆಸುತ್ತಾರೆ. ಸಾಲು ಸಾಲು ಕುದುರೆಗಳು ಗೋಡೆಗೆ ಇಳಿದ ಮೇಲೆ ಪೂಜಾರಿ, ಅಂದರೆ ಬಡವೋ, ಒಂದೊಂದನ್ನೂ ಸರಿಯಿದೆಯೇ ಎಂದು ನೋಡುತ್ತಾನೆ. ಆ ಗೋಡೆಯನ್ನು ಬೆಣ್ಣೆಯಂತೆ ಕರಗಿಸಿ, ಮುಂದೆ ನಿಂತವನ ಪೇಟವನ್ನು ಮಾತ್ರ ಚೂಪಾಗಿ ಹಿಡಿದರೆ, ಗರ್ಭಗುಡಿಯ ಫೋಟೊದಲ್ಲಿ ಘಂಟೆಗೆ ಫೋಕಸ್ ಮಾಡಿದಂತೆ.

ಹುಡುಗನಿಗೆ ಹಾಗೆಂದು ಹೇಳಿ ಮಸುಕು ಬೇಡವೇ ಬೇಡ ಎನ್ನಲಿಲ್ಲ. ಮಸುಕನ್ನು ಬೈಯುವವರ ಪಂಗಡ ನನ್ನದಲ್ಲ. ಮೈಸೂರಿನ ವಿ. ಕೆ. ಮೂರ್ತಿ 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತೆಗೆದಾಗ, ನಮ್ಮ ದೇಶಕ್ಕೆ ಆ ಅಗಲ ಹೊಸದು. ಅಂಥ ಲೆನ್ಸುಗಳಲ್ಲಿ ದೂರದ ಬೆಳಕು ದುಂಡಗೆ ಕರಗದೆ ಮೊಟ್ಟೆಯಂತೆ ನಿಲ್ಲುತ್ತದೆ. ಅದರ ಚೆಲುವನ್ನು ಒಲ್ಲೆ ಎನ್ನುವಷ್ಟು ಒಣಗಿದವನಲ್ಲ ನಾನು. ಹುಡುಗನಿಗೆ ಹೇಳಿದ್ದು ಲೆಕ್ಕ: 35 ಮಿ.ಮೀ. ಲೆನ್ಸಿನಲ್ಲಿ ಎರಡು ಮೀಟರಿಗೆ ಫೋಕಸ್ ಇಟ್ಟು ಎಫ್ 2.8ರಲ್ಲಿ ತೆಗೆದರೆ ಒಂದೂಮುಕ್ಕಾಲರಿಂದ ಎರಡೂಕಾಲು ಮೀಟರಿನವರೆಗೆ ಮಾತ್ರ ಚೂಪು. ಎಫ್ 8ಕ್ಕೆ ತಂದರೆ ಸುಮಾರು ಒಂದೂವರೆಯಿಂದ ಮೂರೂಕಾಲು ಮೀಟರ್. ಬರೆಯುವವನೂ ಗೋಡೆಯೂ ಅದರಲ್ಲಿ ಹಿಡಿಸುತ್ತಾರೆ. ಎರಡೂ ಒಂದೇ ಲೆನ್ಸಿನಲ್ಲಿವೆ. ಉಂಗುರ ತಿರುಗಿಸುವ ಮುಂಚೆ ಗೋಡೆ ಯಾರದ್ದು ಎಂದು ಕೇಳಿಕೋ ಎಂದೆ. “ಹಂಗಾರ ಹಳೇ ಲೆನ್ಸ್ ಯಾಕ ಬೇಕು ಸರ?” ಅಂದ. ಹತ್ತಿರಕ್ಕೆ ಹೋಗಲು, ಅಂದೆ. ಗೋಡೆಯ ಬಣ್ಣ ಕಲೆಸುವ ಎಲೆದೊನ್ನೆಯ ಗೇಣು ಹತ್ತಿರಕ್ಕೆ ಕೂತು, ಹಿಂದೆ ಕುದುರೆಗಳು ಬರೀ ಬಣ್ಣವಾಗಿ ತೇಲಿದರೆ ಅಲ್ಲಿ ಮಸುಕು ಏನನ್ನೂ ಕದಿಯುವುದಿಲ್ಲ. ಕುದುರೆಗಳು ಪಕ್ಕದ ಚಿತ್ರದಲ್ಲಿ ಇದ್ದೇ ಇರುತ್ತವೆ.

ಆಯ್ಕೆ ಮಾಡುವಾಗ ಇಲ್ಲಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೂರತ್ತಿನ ಮಳೆಗಾಲ ಕಳೆದ ಲೆನ್ಸಿನೊಳಗೆ ಜೇಡರ ಬಲೆಯಂಥ ಫಂಗಸ್ ಇದೆಯೇ ಎಂದು ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿ. ಬರೀ ಕಣ್ಣಿಗೆ ಅದು ಕಾಣುವುದಿಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿನುಗಿದ್ದರೆ ಅವು ಸೋಮಾರಿಯಾಗಿ ಮುಚ್ಚುತ್ತವೆ. ಮುಂದಿನ ಗಾಜಿನ ಸಣ್ಣ ಗೀರಿಗೆ ಹೆದರಬೇಡಿ; ಹಿಂದಿನ ಗಾಜಿನ ಗೀರಿಗೆ ಹೆದರಿ.

ಗಾಜು ಹಳದಿಯಾಗಿದ್ದರೆ ಅದರ ಕತೆ ಬೇರೆ. ವಜ್ರ ಬೆಳಕನ್ನು ಬಾಗಿಸುವ ಪ್ರಮಾಣ 2.4ರ ಮೇಲೆ, ಮಾಮೂಲಿ ಗಾಜಿನದ್ದು ಒಂದೂವರೆಯ ಆಸುಪಾಸು. ಸೂರತ್ತಿನ ವರಾಛಾ ರಸ್ತೆಯಲ್ಲಿ ‘ರತ್ನಕಲಾಕಾರ’ ಎಂದು ಕರೆಸಿಕೊಳ್ಳುವ ಕುಶಲಿಗರು ತಿರುಗುವ ತಟ್ಟೆಗೆ ಕಲ್ಲು ಒತ್ತಿ ಮೂಲೆ ತೀಡುವುದೂ ಈ ಬಾಗಿಗಾಗಿಯೇ. ಲೆನ್ಸ್ ಮಾಡುವವರಿಗೆ ವಜ್ರ ಕೈಗೆಟುಕದು. ಆದ್ದರಿಂದ ಅರವತ್ತರ ದಶಕದಲ್ಲಿ ಗಾಜಿಗೆ ಥೋರಿಯಂ ಬೆರೆಸಿ ಬಾಗು ಹೆಚ್ಚಿಸಿದರು. ಪೆಂಟಾಕ್ಸಿನ ಟಕುಮಾರ್ ಸರಣಿಯ ಕೆಲವು ಇಂಥವು. ಥೋರಿಯಂ ಸಣ್ಣಗೆ ವಿಕಿರಣ ಸೂಸುತ್ತದೆ, ದಶಕಗಳ ನಂತರ ಗಾಜು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬಳಸುವವರಿಗೆ ಇದರಿಂದ ಭಯವಿಲ್ಲ, ಒಡೆದು ಪುಡಿ ಮಾಡದಿದ್ದರೆ ಸಾಕು. ಔಷಧ ಬಿಸಿಲು: ಅದರ ನೇರಳಾತೀತ ಕಿರಣ ಈ ಹಳದಿಯನ್ನು ಇಳಿಸುತ್ತದೆ.

ನಾನು ಸೂರತ್ತಿನಲ್ಲಿದ್ದಾಗ ಅಂಥದ್ದೊಂದು 35 ಮಿ.ಮೀ. ಎಫ್ 2 ಲೆನ್ಸನ್ನು, ಕೆಳಗೆ ಅಡುಗೆಮನೆಯ ಫಾಯಿಲ್ ಹಾಸಿ, ಮಹಡಿಯ ಮೇಲೆ ಬಿಸಿಲಿಗಿಡುತ್ತಿದ್ದೆ. ಪಕ್ಕದಲ್ಲಿ ಮಾಲೀಕರ ಮನೆಯ ಬಾ ತಮ್ಮ ಛುಂದೋ ಭರಣಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ಸಂಜೆ ಭರಣಿಯ ಜೊತೆಗೆ ಇದನ್ನೂ ಸೆರಗಿನಲ್ಲಿ ಒರೆಸಿ ಒಳಗೆ ತರುತ್ತಿದ್ದರು. ಮೂರು ವಾರಕ್ಕೆ ಚಹಾ ನಿಂಬೆ ಶರಬತ್ತಾಯಿತು. ಆ ವರ್ಷದ ಉತ್ತರಾಯಣದ ರಾತ್ರಿ, ಗಾಳಿಪಟದ ದಾರಕ್ಕೆ ಕಟ್ಟಿ ಬಿಡುವ ತುಕ್ಕಲ್ ದೀಪಗಳು ಆಕಾಶದಲ್ಲಿ ಸಾಲಾಗಿ ಏರುತ್ತಿದ್ದಾಗ, ಬಾ ದಾರ ಹಿಡಿದ ಕೈಗೆ ಎರಡು ಅಡಿ ಹತ್ತಿರದಿಂದ ಅದರಲ್ಲಿ ಒಂದು ಚಿತ್ರ ತೆಗೆದೆ. ಕಣ್ಣು ಪೂರ್ತಿ ತೆರೆದಿತ್ತು. ಬೆರಳಿಗೆ ಸುತ್ತಿದ ಪಟ್ಟಿ ಚೂಪಾಗಿದೆ, ದೀಪಗಳು ಅಂಚಿಗೆ ಹೋದಂತೆ ಬೆಕ್ಕಿನ ಕಣ್ಣಾಗಿವೆ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಉಂಗುರವನ್ನು 8ಕ್ಕೆ ತಿರುಗಿಸಿ, ಫ್ಲಾಶ್ ಹಾಕಿ, ಮಹಡಿಯಲ್ಲಿ ನಿಂತಿದ್ದ ಒಂಬತ್ತೂ ಜನರದ್ದು ಇನ್ನೊಂದು ತೆಗೆದೆ. ಬಾ ಅಂಚಿಗೆ ನಿಂತಿದ್ದರು. ನಡುವಿಗೆ ಬನ್ನಿ ಎಂದು ಕರೆದೆ.